ಮಕ್ಕಳ ಮನೆಯಲ್ಲಿ ಎಣಿಕೆಯ ದಿನಗಳು

ಸಮುದ್ರದಾಚೆಯ ಪ್ರವಾಸವೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಕಾಲಕ್ಕೆ ಮಗನ ಪ್ರವಾಸವೆಂದೇ ಅರ್ಥವಿತ್ತು. ವಿದ್ಯೆಗಾಗಿ ಅವನೊಬ್ಬನು ಹೋಗುವನು. ತಂದೆತಾಯಿಗಳು ಮುಂಬಯಿಯ ಹಡಗುಕಟ್ಟೆಯ ವರೆಗೆ ಹೋಗಿ ಬೀಳ್ಕೊಟ್ಟು ಬಂದು, ಟಪಾಲಿನವನ ದಾರಿಯನ್ನು ನೋಡುತ್ತ ಕಾಲ ಕಳೆಯುವರು. ಶ್ರೀ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸಫರ್ಡಿಗೆ ಹೋಗಿ 1938ರಲ್ಲಿ ಮರಳಿದ ಕಾಲವು ಅಂತಹದು. ಈಗ ಕಾಲವು ತಿರುಗಿದೆ. ಹೋದ ಮಕ್ಕಳು ಅಲ್ಲಿಯೇ ಮನೆ ಹೂಡಿದ್ದಾರೆ. ಇಲ್ಲಿಂದ ಹೊರಡುವವರು ತಂದೆತಾಯಿಗಳಾಗಿದ್ದಾರೆ. ವಿಜಯಪುರ ಪಟ್ಟಣದ ನಿವೃತ್ತ ಶಿಕ್ಷಕರು, ತಿಕೋಟಾದ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರದ ವ್ಯಾಪಾರಸ್ಥರು ಸತಿಪತಿಗಳಾಗಿ ವಿಮಾನವೇರಿ, ಮಕ್ಕಳ ಮನೆಯಲ್ಲಿ ನಾಲ್ಕಾರು ತಿಂಗಳಿದ್ದು, ಅದರ ನಡುವೆ ಒಂದೆರಡು ಸಲ ಯುರೋಪ ಖಂಡವನ್ನು ಸುತ್ತಿ ಬರುವದು ಈಗ ಅಪರೂಪದ ಸಂಗತಿಯಲ್ಲ.

ಇಂಥವರು ಊರಿಗೆ ಮರಳಿದಾಗ ನೆರೆಹೊರೆಯವರು ಕೇಳುವದು ಪ್ಯಾರಿಸ್ಸಿನ ಗೋಪುರವನ್ನು ಕುರಿತು, ಆಲ್ಪ್ಸ ಪರ್ವತದ ಹಿಮವನ್ನು ಕುರಿತು. ಆ ಎರಡು ಪ್ರವಾಸಗಳ ನಡುವೆ ಮಗನ ಮನೆಯಲ್ಲಿ ಕಳೆದ ದಿನಗಳನ್ನು ಕುರಿತು ಯಾರೂ ಕೇಳುವದಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ, ಲಾಭವಾದರೂ ಹಾನಿಯಾದರೂ ಆ ನಡುವಿನ ದಿನಗಳಲ್ಲಿಯೇ ಆಗತಕ್ಕದ್ದು. ಆದುದರಿಂದ ಆ ದಿನಗಳನ್ನು ಕುರಿತೇ ವಾಚಕ ಬಂಧು-ಭಗಿನಿಯರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ಈ ಲೇಖನವನ್ನು ಬರೆಯಲಾಗಿದೆ.

ವಿಷಯವು ಸ್ಪಷ್ಟವಾಗುವ ಸಲುವಾಗಿ, ತಿಕೋಟಾದ ಕಡೆಯ ಒಬ್ಬ ತೋಟಿಗರನ್ನೂ ಅವರ ಪತ್ನಿಯನ್ನೂ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ವಯಸ್ಸು ಅರವತ್ತು ದಾಟಿದೆ. ಮಗನೂ ಸೊಸೆಯೂ ಇಂಗ್ಲಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಆರು ವರುಷದ ಮೊಮ್ಮಗಳೊಬ್ಬಳಿದ್ದಾಳೆ. ಇವರು ಹೊರಡಬೇಕಾದರೆ ಮೂರು ಬಗೆಯ ಲೆಕ್ಕಗಳನ್ನು ಮಾಡಬೇಕು.

ಕಾಯಿದೆಯ ಲೆಕ್ಕ

ಇಂಗ್ಲಂಡಿಗೆ ಭೆಟ್ಟಿಗಾಗಿ ಹೋಗುವವರಿಗೆ ಕೊಡುವ ವೀಸಾದ ಮೇರೆಗೆ ಒಂದು ಸಲದ ವಾಸವು ಸಾಮಾನ್ಯವಾಗಿ 6 ತಿಂಗಳನ್ನು ಮೀರತಕ್ಕದ್ದಲ್ಲ. ಎರಡು, ಐದು, ಹತ್ತು ವರುಷಗಳ ವೀಸಾಗಳೂ ಉಂಟು. ಆದರೆ ಅವುಗಳಲ್ಲಿಯೂ ಪ್ರತಿಸಲದ ಮಿತಿ ಆರೇ ತಿಂಗಳು. ಮೇಲಿಂದ ಮೇಲೆ ಬಂದು ಅಲ್ಲಿಯೇ ಮನೆ ಮಾಡಿಕೊಂಡವರಂತೆ ಇರುವದಕ್ಕೆ ಆ ಸರಕಾರದ ಒಪ್ಪಿಗೆಯಿಲ್ಲ. ಸಂಬಳದ ಕೆಲಸವನ್ನಂತೂ ಮಾಡಲೇಕೂಡದು.

ಯುರೋಪ ಖಂಡದ ಲೆಕ್ಕವೇ ಬೇರೆ. ಅಲ್ಲಿಯ 29 ದೇಶಗಳು ಕೂಡಿ ತಮ್ಮ ನಡುವಿನ ಗಡಿಕಾವಲನ್ನು ತೆಗೆದುಹಾಕಿ, ಹೊರಗಿನವರಿಗೆ ಒಂದೇ ವೀಸಾವನ್ನು ಗೊತ್ತುಮಾಡಿವೆ. ಇದಕ್ಕೆ ಶೆಂಗೆನ್ ವೀಸಾ ಎಂದು ಹೆಸರು. ಲಕ್ಸೆಂಬರ್ಗ ದೇಶದ ಮೊಸೆಲ್ ನದಿಯ ದಂಡೆಯ ಮೇಲೆ ಶೆಂಗೆನ್ ಎಂಬ ಹಳ್ಳಿಯಿದೆ. 1985ನೆಯ ಜೂನ್ 14ರಂದು ಅಲ್ಲಿ ಮೊದಲನೆಯ ಒಪ್ಪಂದಕ್ಕೆ ಸಹಿ ಬಿದ್ದುದರಿಂದ ಆ ಹೆಸರು ಬಂದಿತು. ಆ ಹಳ್ಳಿಯೂ ತಿಕೋಟಾದಂತೆ ದ್ರಾಕ್ಷಿಯನ್ನು ಬೆಳೆಯುವ ಊರೆಂಬುದನ್ನು ಕೇಳಿದರೆ ನಮ್ಮ ತೋಟಿಗರಿಗೆ ಸಂತೋಷವಾದೀತು.

ಈ ವೀಸಾದ ಮುಖ್ಯ ನಿಯಮವೇನೆಂದರೆ, ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಕಾಲ ಆ ದೇಶಗಳೊಳಗೆ ಇರಕೂಡದು. ಒಳಗೆ ಹೊಕ್ಕ ದಿನವೂ ಹೊರಬಿದ್ದ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಮ್ಮ ದಂಪತಿಗಳು ಮೇ 10ಕ್ಕೆ ಇಂಗ್ಲಂಡನ್ನು ಮುಟ್ಟಿ, ಜೂನ್ 1ರಿಂದ 20ರ ವರೆಗೆ ಒಮ್ಮೆ, ಆಗಸ್ಟ್ 25ರಿಂದ ಸಪ್ಟಂಬರ 13ರ ವರೆಗೆ ಇನ್ನೊಮ್ಮೆ ಖಂಡದಲ್ಲಿ ಸುತ್ತಾಡಿದರೆನ್ನೋಣ. ಒಟ್ಟು 40 ದಿನಗಳಾದವು, ನಿಯಮಕ್ಕೆ ಬಾಧೆಯಿಲ್ಲ. ಇಂಗ್ಲಂಡವು ಆ 29ರ ಕೂಟದಲ್ಲಿ ಇಲ್ಲವಾದ್ದರಿಂದ ಮಗನ ಮನೆಯ ದಿನಗಳು ಈ ಎಣಿಕೆಗೆ ಬರುವದಿಲ್ಲ. ಆದರೆ ಮಗನ ಮನೆಯು ಜರ್ಮನಿಯಲ್ಲಿಯೋ ಹಾಲಂಡಿನಲ್ಲಿಯೋ ಇದ್ದರೆ ಕಥೆ ಬೇರೆ. ಆಗ ಮನೆಯಲ್ಲಿ ಕೂತ ದಿನವೂ ಪ್ರವಾಸದ ದಿನವೂ ಒಂದೇ ಚೀಲದಿಂದ ಖರ್ಚಾಗುತ್ತವೆ. ಮೇ 10ಕ್ಕೆ ಹೋದವರು ಆಗಸ್ಟ್ 7ರೊಳಗೆ ಹೊರಬೀಳಲೇಬೇಕು.

ಇಲ್ಲಿ ಅನೇಕರು ಎಡವುವ ಎರಡು ಸ್ಥಳಗಳಿವೆ. ವೀಸಾದ ಚೀಟಿಯ ಮೇಲೆ ಅದು ಯಾವ ತಾರೀಖಿನ ವರೆಗೆ ನಡೆಯುತ್ತದೆಂಬುದನ್ನು ಒಂದು ಕಡೆಗೂ, ಒಟ್ಟು ಎಷ್ಟು ದಿನ ಇರಬಹುದೆಂಬುದನ್ನು ಇನ್ನೊಂದು ಕಡೆಗೂ ಬರೆದಿರುತ್ತಾರೆ. ಮೊದಲನೆಯದನ್ನು ಮಾತ್ರ ನೋಡಿ ಎರಡನೆಯದನ್ನು ಮರೆಯಬಾರದು. ಎರಡನೆಯದಾಗಿ, ಖಂಡಕ್ಕೆ ಹೋಗಿ ಇಂಗ್ಲಂಡಿಗೆ ಮರಳಿ, ಪುನಃ ಖಂಡಕ್ಕೆ ಹೋಗುವವರಿಗೆ ಒಂದೇ ಸಲದ ಪ್ರವೇಶದ ವೀಸಾ ಸಾಲದು. ಅನೇಕ ಸಲದ ಪ್ರವೇಶವನ್ನೇ ಬೇಡಬೇಕು. ಭೆಟ್ಟಿಗಾಗಿ ಇಂಗ್ಲಂಡಿಗೆ ಹೋದವರು ಅಲ್ಲಿಂದ ಈ ವೀಸಾವನ್ನು ದೊರಕಿಸುವದು ಕಠಿಣವಾದುದರಿಂದ ಭಾರತದಲ್ಲಿದ್ದಾಗಲೇ ಅದನ್ನು ಪಡೆದುಕೊಂಡು ಹೊರಡುವದು ಜಾಣತನ. ಪ್ರವಾಸದ ದಿನಕ್ಕೆ 6 ತಿಂಗಳು ಮುಂಚಿನಿಂದಲೂ ಅರ್ಜಿಯನ್ನು ಹಾಕಬಹುದು. 15 ದಿನಗಳಿಗಿಂತ ತಡ ಮಾಡಬಾರದು. ಯಾವ ದೇಶದಲ್ಲಿ ಹೆಚ್ಚು ದಿನ ಇರುವಿರೋ ಆ ದೇಶದ ಕಚೇರಿಗೆ ಅರ್ಜಿ ಹೋಗಬೇಕು. ಕನಿಷ್ಠ 30,000 ಯುರೋಗಳ ಆರೋಗ್ಯವಿಮೆಯೂ ಬೇಕು. 2024ನೆಯ ಏಪ್ರಿಲ್‌ದಿಂದ ಭಾರತೀಯರಿಗೊಂದು ಅನುಕೂಲತೆಯಾಗಿದೆ: ಮೂರು ವರುಷಗಳೊಳಗೆ ಎರಡು ವೀಸಾಗಳನ್ನು ಪಡೆದು ನಿಯಮಕ್ಕೆ ಸರಿಯಾಗಿ ಬಳಸಿದವರು ಎರಡು ವರುಷಗಳ ವೀಸಾಕ್ಕೆ ಅರ್ಹರಾಗುತ್ತಾರೆ.

ಹಿಂದೆ ಗಡಿಯ ಅಧಿಕಾರಿಯು ಪಾಸಪೋರ್ಟಿನ ಮೇಲೆ ಮುದ್ರೆಯನ್ನೊತ್ತುತ್ತಿದ್ದನು; ದಿನಗಳನ್ನು ಎಣಿಸುವದು ಅವನ ಕಣ್ಣಿಗೆ ಬಿಟ್ಟ ಮಾತಾಗಿತ್ತು. 2025ನೆಯ ಅಕ್ಟೋಬರ 12ರಿಂದ ಮುಖಚಿತ್ರವನ್ನೂ ಬೆರಳಚ್ಚನ್ನೂ ತೆಗೆದುಕೊಂಡು ಯಂತ್ರವೇ ಲೆಕ್ಕವಿಡುವ ಪದ್ಧತಿಯು ಆರಂಭವಾಗಿದೆ. ಒಂದು ದಿನ ಹೆಚ್ಚಾದರೂ ಅದಕ್ಕೆ ತಿಳಿಯುತ್ತದೆ.

“ಇಷ್ಟೆಲ್ಲ ಎಣಿಕೆ ಏಕೆ? ಮಗನು ಅಲ್ಲಿಯೇ ಇದ್ದಾನೆ, ನಾವೂ ಅಲ್ಲಿಯೇ ಇದ್ದುಬಿಡುವೆವು” ಎಂದು ಕೆಲವರು ಅನ್ನಬಹುದು. ಆ ಬಾಗಿಲು ಈಗ ಬಹಳ ಕಿರಿದಾಗಿದೆ. ಇಂಗ್ಲಂಡದಲ್ಲಿ 2012ನೆಯ ಜುಲೈ 9ರಿಂದ ನಡೆದ ನಿಯಮದ ಪ್ರಕಾರ, ಉಡುವದು, ಉಣ್ಣುವದು, ಸ್ನಾನ ಮಾಡುವದು ಮೊದಲಾದ ನಿತ್ಯದ ಕೆಲಸಗಳಿಗೂ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕಾಗಿದ್ದು, ಆ ಆರೈಕೆಯು ಸ್ವದೇಶದಲ್ಲಿ ದುಡ್ಡು ಕೊಟ್ಟರೂ ದೊರೆಯದಂತಿದ್ದರೆ ಮಾತ್ರ ವೃದ್ಧ ತಂದೆತಾಯಿಗಳಿಗೆ ಅಲ್ಲಿ ನೆಲೆಸಲು ಅಪ್ಪಣೆಯಾಗುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಭೆಟ್ಟಿಯೊಂದೇ ಗತಿ. ಅಂದ ಬಳಿಕ ಅಜ್ಜ-ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಬೆಳೆಯಬೇಕಾದ ಸಂಬಂಧವೆಲ್ಲವೂ ಈ ಎಣಿಕೆಯ ದಿನಗಳಲ್ಲಿಯೇ ಬೆಳೆಯತಕ್ಕದ್ದು. ಈ ಮಾತಿನ ಭಾರವನ್ನರಿತು ಹೊರಡುವವರು ಕಡಿಮೆ.

ತೋಟದ ಲೆಕ್ಕ

ಎರಡನೆಯದು ಹಿಂದೆ ಬಿಟ್ಟುಹೋಗುವ ಮನೆ-ಹೊಲಗಳ ಲೆಕ್ಕ. ತಿಕೋಟಾ, ಬಬಲೇಶ್ವರಗಳ ಭೂಮಿಯು ಒಂದು ಕಾಲಕ್ಕೆ ಮಳೆಯನ್ನೇ ನಂಬಿದ ಭೂಮಿಯಾಗಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಬಂದಿದೆ. ದ್ರಾಕ್ಷಿಯ ಚಪ್ಪರಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಈ ಸೀಮೆಯ ಗುರುತಾಗಿವೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ.

ದ್ರಾಕ್ಷಿಗೆ ವರುಷದಲ್ಲಿ ಎರಡು ಚಾಟ್ನಿಗಳು. ಕೊಯ್ಲು ಮುಗಿದ ಮೇಲೆ ಏಪ್ರಿಲ್‌ದ ಚಾಟ್ನಿ. ಹಣ್ಣಿನ ಸಲುವಾಗಿ ಅಕ್ಟೋಬರದ ಚಾಟ್ನಿ. ಇವೆರಡರ ನಡುವಿನ ಐದು ತಿಂಗಳುಗಳೇ ತೋಟಿಗನಿಗೆ ಪರದೇಶಕ್ಕೆ ಹೋಗಲು ತೆರವಾದ ಕಾಲ. ದೈವಯೋಗದಿಂದ ಯುರೋಪದಲ್ಲಿ ಬೇಸಗೆಯೂ ಅದೇ ಕಾಲಕ್ಕೆ ಬೀಳುತ್ತದೆ. ಆದರೆ ಚಪ್ಪರದ ಮೇಲೆ ಹಣ್ಣಿಲ್ಲವೆಂದು ತೋಟವು ಸುಮ್ಮನಿರುತ್ತದೆಂದು ತಿಳಿಯಬಾರದು. ಏಪ್ರಿಲ್‌ದ ಚಾಟ್ನಿಯಾದ ಆರು ವಾರಗಳಿಂದ ಹತ್ತು ವಾರಗಳ ಸುಮಾರಿಗೆ ಹೊಸ ಕಡ್ಡಿಯ ಕಣ್ಣುಗಳಲ್ಲಿ ಬರುವ ಸುಗ್ಗಿಯ ಗೊನೆಯು ಗುಪ್ತವಾಗಿ ರೂಪಗೊಳ್ಳುತ್ತಿರುತ್ತದೆ. ಆಗ ಕಡ್ಡಿಗಳನ್ನು ವಿರಳಗೊಳಿಸಿ ಬಿಸಿಲು ಬೀಳುವಂತೆ ಮಾಡದಿದ್ದರೆ, ನೀರು-ಗೊಬ್ಬರಗಳಲ್ಲಿ ಹೆಚ್ಚುಕಡಿಮೆ ಮಾಡಿದರೆ, ಅಕ್ಟೋಬರದಲ್ಲಿ ಎಷ್ಟು ಚೆನ್ನಾಗಿ ಕತ್ತರಿಸಿದರೂ ಗೊನೆಗಳು ಬರುವದಿಲ್ಲ. ಆದುದರಿಂದ ತೋಟಿಗನು ಮೇ ತಿಂಗಳಲ್ಲಿ ಹೊರಡುವದಾದರೆ ಆ ಕೆಲಸವನ್ನು ಬಲ್ಲ ತಮ್ಮನಿಗೋ ನಂಬಿಗೆಯ ಪಾಲುಗಾರನಿಗೋ ದಿನಗೆಲಸದ ಪಟ್ಟಿಯನ್ನು ಬರೆದುಕೊಟ್ಟು, ಖರ್ಚಿನ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟು ಹೋಗಬೇಕು. ಬೇಸಗೆಯಲ್ಲಿ ನಮ್ಮ ಗಡಿಯಾರವು ಇಂಗ್ಲಂಡಿನದಕ್ಕಿಂತ ನಾಲ್ಕೂವರೆ ತಾಸು ಮುಂದಿರುತ್ತದೆ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾದಾಗ ಅಲ್ಲಿ ಮುಂಜಾನೆ ಎಂಟು ಗಂಟೆ. ತೋಟದ ಸುದ್ದಿಯನ್ನು ಕೇಳಲು ಆ ಹೊತ್ತನ್ನು ಗೊತ್ತುಮಾಡಿಕೊಂಡರೆ ಎರಡೂ ಕಡೆಯವರ ನಿದ್ರೆಗೆ ಭಂಗವಿಲ್ಲ.

ಪಟ್ಟಣದ ಮನೆಯವರು ನೆರೆಯವರಿಗೆ ಕೀಲಿಕೈಯನ್ನು ಕೊಟ್ಟು ವಿದ್ಯುತ್ತಿನ, ನೀರಿನ, ಮನೆಪಟ್ಟಿಯ ಹಣಗಳಿಗೆ ಏರ್ಪಾಡು ಮಾಡಬೇಕು. ನವೆಂಬರದಲ್ಲಿ ಜೀವಿತ ಪ್ರಮಾಣಪತ್ರವನ್ನು ಕೊಡಬೇಕಾದ ನಿವೃತ್ತರು ಅದರೊಳಗೆ ಮರಳುವಂತೆ ತಾರೀಖನ್ನು ಗೊತ್ತುಮಾಡಿದರೆ ನಿಶ್ಚಿಂತೆ.

ಇನ್ನು ಔಷಧ. ನಿತ್ಯ ತೆಗೆದುಕೊಳ್ಳುವ ಗುಳಿಗೆಗಳನ್ನು ವೈದ್ಯರ ಚೀಟಿಯೊಡನೆ, ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಒಯ್ಯಬೇಕು. ಇಂಗ್ಲಂಡದಲ್ಲಿ ತುರ್ತು ವಿಭಾಗದ ಚಿಕಿತ್ಸೆಗೆ ಹಣವಿಲ್ಲವಾದರೂ, ಆಸ್ಪತ್ರೆಯಲ್ಲಿ ಮಲಗಿಸಿಕೊಂಡ ಕೂಡಲೆ ಭೆಟ್ಟಿಗೆ ಬಂದವರಿಂದ ಅಲ್ಲಿಯ ಗೊತ್ತಾದ ದರದ ಒಂದೂವರೆ ಪಟ್ಟು ತೆಗೆದುಕೊಳ್ಳುತ್ತಾರೆ. ಒಂದು ವಾರದ ಆಸ್ಪತ್ರೆಯ ವಾಸವು ಒಂದು ಸುಗ್ಗಿಯ ಆದಾಯವನ್ನು ನುಂಗಬಲ್ಲದು. ಆದುದರಿಂದ ವಿಮೆಯನ್ನು ಕೊಳ್ಳುವಾಗ ಈಗಾಗಲೇ ಇರುವ ಸಕ್ಕರೆ ರೋಗ, ರಕ್ತದೊತ್ತಡಗಳನ್ನು ಮುಚ್ಚಿಡದೆ ತಿಳಿಸಿ, ಅವುಗಳಿಗೂ ವಿಮೆಯು ಅನ್ವಯಿಸುವದೋ ಇಲ್ಲವೋ ಎಂಬುದನ್ನು ಓದಿ ನೋಡತಕ್ಕದ್ದು.

ಗಂಟು ಕಟ್ಟುವ ತಾಯಂದಿರಿಗೆ ಒಂದು ಮಾತು. ಹಾಲಿನ ಪದಾರ್ಥಗಳನ್ನು ಭಾರತದಿಂದ ಇಂಗ್ಲಂಡಿಗಾಗಲಿ ಖಂಡದ ದೇಶಗಳಿಗಾಗಲಿ ಒಯ್ಯಗೊಡುವದಿಲ್ಲ. ಮನೆಯ ತುಪ್ಪವನ್ನೂ ಪೇಢೆಯನ್ನೂ ಕಣ್ಣೀರಿನೊಡನೆ ವಿಮಾನನಿಲ್ದಾಣದಲ್ಲಿ ಬಿಡುವದಕ್ಕಿಂತ ಊರಲ್ಲಿಯೇ ಬಿಡುವದು ಲೇಸು. ಹಸಿ ಕರಿಬೇವನ್ನೂ ಒಯ್ಯಬಾರದು. ಜೋಳದ ಹಿಟ್ಟು, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೋಟದ ಒಣದ್ರಾಕ್ಷಿ ಇವಿದ್ದರೆ ಮಗನಿಗೆ ಊರೇ ಮನೆಗೆ ಬಂದಂತಾಗುತ್ತದೆ.

ಮನೆಯೊಳಗಿನ ಲೆಕ್ಕ

ಮೂರನೆಯ ಲೆಕ್ಕವೇ ಎಲ್ಲಕ್ಕೂ ಕಠಿಣವಾದದ್ದು. ಅದಕ್ಕೆ ಯಂತ್ರವೂ ಇಲ್ಲ, ಮುದ್ರೆಯೂ ಇಲ್ಲ.

ಮೊದಲಿನ ಹದಿನೈದು ದಿನಗಳು ಹಬ್ಬದಂತೆ ಕಳೆಯುತ್ತವೆ. ಮಗನು ರಜೆ ತೆಗೆದುಕೊಂಡಿರುತ್ತಾನೆ. ಸೊಸೆಯು ದಿನಕ್ಕೊಂದು ಅಡಿಗೆ ಮಾಡುತ್ತಾಳೆ. ಮೂರನೆಯ ವಾರದಲ್ಲಿ ಅವರಿಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಊರಲ್ಲಿ ನಸುಕಿಗೆ ಎದ್ದು ತೋಟವನ್ನು ಸುತ್ತಿ, ಹತ್ತು ಜನರಿಗೆ ಕೆಲಸ ಹಚ್ಚುತ್ತಿದ್ದ ಯಜಮಾನರು ಈಗ ಕಿಟಕಿಯ ಹತ್ತಿರ ಕೂತು ನಿರ್ಜನವಾದ ಬೀದಿಯನ್ನು ನೋಡುತ್ತಾರೆ. ಜೂನ್ ತಿಂಗಳಲ್ಲಿ ಲಂಡನ್ನಿನ ಸುತ್ತಮುತ್ತ ರಾತ್ರಿ ಒಂಬತ್ತು ಗಂಟೆ ದಾಟಿದರೂ ಸೂರ್ಯನು ಮುಳುಗುವದಿಲ್ಲ. ಹೊತ್ತು ಹೋಗದವನಿಗೆ ಆ ಹಗಲು ಇನ್ನಷ್ಟು ಉದ್ದವಾಗಿ ಕಾಣುತ್ತದೆ. ಊರಲ್ಲಿ ಕಾಯಿಪಲ್ಲೆಯವಳಿಗೂ ಫೋನಿನಿಂದಲೇ ಹಣ ಸಲ್ಲಿಸುತ್ತಿದ್ದವರು ಅಲ್ಲಿ ಬಸ್ಸಿನ ಖರ್ಚಿಗೂ ಮಗನ ಮುಖವನ್ನು ನೋಡಬೇಕಾಗುತ್ತದೆ. ಈ ಚಿಕ್ಕ ಸಂಗತಿಯಿಂದ ಎಷ್ಟೋ ಹಿರಿಯರ ಮನಸ್ಸು ಕುಗ್ಗುವದುಂಟು. ಆದುದರಿಂದ ಹೊರಡುವ ಮೊದಲೇ ಬ್ಯಾಂಕಿನಿಂದ ವಿದೇಶೀ ಹಣದ ಕಾರ್ಡೊಂದನ್ನು ತಮ್ಮ ಹೆಸರಿನಲ್ಲಿ ಪಡೆದು, ಬಸ್ಸಿನ ದಾರಿಯನ್ನೂ ಹತ್ತಿರದ ವಾಚನಾಲಯದ ದಾರಿಯನ್ನೂ ಮೊದಲಿನ ವಾರದಲ್ಲಿಯೇ ಕಲಿತುಕೊಳ್ಳಬೇಕು. ತನ್ನ ಕಾಲ ಮೇಲೆ ಹೊರಗೆ ಹೋಗಿ ಬಂದ ದಿನ ಮನುಷ್ಯನಿಗೆ ಊಟ ರುಚಿಸುತ್ತದೆ.

ಹೆಣ್ಣುಮಕ್ಕಳ ಕಷ್ಟವು ಇನ್ನೊಂದು ಬಗೆಯದು. ಅಡಿಗೆಮನೆಯು ಸೊಸೆಯದು. ಅತ್ತೆಯು ಕೈ ಕಟ್ಟಿ ಕೂತರೆ “ಅತ್ತೆಯವರು ಅತಿಥಿಯಾಗಿ ಬಂದಿದ್ದಾರೆ” ಎಂದು ತೋರೀತು. ಎಲ್ಲವನ್ನೂ ಕೈಗೆ ತೆಗೆದುಕೊಂಡರೆ “ಮನೆಯನ್ನು ಆಳಲು ಬಂದರು” ಎಂದು ತೋರೀತು. ಇವೆರಡರ ನಡುವೆ ದಾರಿಯಿದೆ. ವಾರದಲ್ಲಿ ಇಂತಿಂಥ ದಿನಗಳ ಅಡಿಗೆ ಅತ್ತೆಯದು, ಉಳಿದ ದಿನಗಳದು ಸೊಸೆಯದು ಎಂದು ನಗುನಗುತ್ತ ಮಾತಾಡಿ ಗೊತ್ತುಮಾಡಿಕೊಂಡರೆ ಮನಸ್ತಾಪಕ್ಕೆ ಎಡೆಯಿರುವದಿಲ್ಲ. ಡಬ್ಬಿಗಳ ಸ್ಥಳವನ್ನು ಬದಲಿಸಬಾರದು. “ನಮ್ಮೂರಲ್ಲಿ ಹೀಗಲ್ಲ” ಎಂಬ ಮಾತನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಆಡಬಾರದು.

ಮಕ್ಕಳಿಗೂ ಹೇಳಬೇಕಾದದ್ದುಂಟು. ತಂದೆತಾಯಿಗಳನ್ನು ಕೂಸು ನೋಡಿಕೊಳ್ಳುವವರನ್ನಾಗಿ ಮಾಡಿ, ತಾವಿಬ್ಬರೂ ರಾತ್ರಿಯ ವರೆಗೆ ಹೊರಗಿದ್ದರೆ ಅದು ಭೆಟ್ಟಿಯಾಗುವದಿಲ್ಲ. ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುವದು ಅಜ್ಜನಿಗೆ ಸಂತೋಷ. ಅವಳಿಗೆ ಜ್ವರ ಬಂದಾಗ ಭಾಷೆ ತಿಳಿಯದ ಊರಲ್ಲಿ ಒಬ್ಬನೇ ಹೊಣೆಯಾಗುವದು ಅವನಿಗೆ ಸಂಕಟ. ಎಷ್ಟು ಹೊತ್ತು ನೋಡಿಕೊಳ್ಳುವದು, ಯಾವ ದಿನ ಹಿರಿಯರಿಗೆ ಬಿಡುವು ಎಂಬುದನ್ನು ಮಗನೇ ಬಾಯಿ ಬಿಟ್ಟು ಕೇಳಬೇಕು. ತಂದೆತಾಯಿಗಳು ತಾವಾಗಿ ಹೇಳಲಾರರು.

ಮಾತು ಬಂದುದರಿಂದ ಭಾಷೆಯನ್ನು ಕುರಿತೂ ಹೇಳುವೆವು. ಮೊಮ್ಮಗಳಿಗೆ ಕನ್ನಡವು ತಿಳಿಯುತ್ತದೆ, ಆದರೆ ಉತ್ತರವು ಇಂಗ್ಲೀಷಿನಲ್ಲಿ ಬರುತ್ತದೆ. ಇದಕ್ಕೆ ಅಜ್ಜಿಯು ಬೇಸರಪಡಬಾರದು. ತನಗೆ ಇಂಗ್ಲೀಷು ಬಾರದಿರುವದೇ ಅವಳ ದೊಡ್ಡ ಬಂಡವಾಳ. ಆ ಮನೆಯಲ್ಲಿ ಕನ್ನಡವಿಲ್ಲದೆ ಮಾತಾಡಿಸಲಾಗದ ವ್ಯಕ್ತಿ ಅವಳೊಬ್ಬಳೇ. ರಾತ್ರಿ ಕಥೆಯನ್ನು ಹೇಳುವಾಗ, ರೊಟ್ಟಿಯನ್ನು ಬಡಿಯುವಾಗ, ಎಣ್ಣೆ ಹಚ್ಚಿ ತಲೆ ಬಾಚುವಾಗ ಬರುವ ಮಾತುಗಳು ಯಾವ ಪಾಠಶಾಲೆಯಲ್ಲಿಯೂ ದೊರೆಯುವದಿಲ್ಲ. ಇಂಗ್ಲಂಡದಲ್ಲಿ 1983ರಿಂದ ನಡೆದುಬಂದಿರುವ ಕನ್ನಡ ಬಳಗದಂತಹ ಸಂಘಗಳೂ ಇವೆ. ಯುಗಾದಿ, ದೀಪಾವಳಿಗಳ ಕೂಟಕ್ಕೆ ಮೊಮ್ಮಕ್ಕಳೊಡನೆ ಹೋದರೆ ತಮ್ಮ ವಯಸ್ಸಿನ ಕನ್ನಡಿಗರೂ ಸಿಗುವರು, ಒಂಟಿತನವೂ ಕಳೆಯುವದು.

ನೋಡುವದು, ನೋಡಿಸುವದು

ಪ್ರವಾಸದ ದಿನಗಳನ್ನೂ ಈ ದೃಷ್ಟಿಯಿಂದಲೇ ಆಯ್ದುಕೊಳ್ಳುವದು ಒಳಿತು. ಹತ್ತು ದಿನಗಳಲ್ಲಿ ಏಳು ದೇಶಗಳನ್ನು ತೋರಿಸುವ ಬಸ್ಸಿನ ಪ್ರವಾಸಕ್ಕಿಂತ, ಮೊಮ್ಮಗಳ ರಜೆಯಲ್ಲಿ ಅವಳನ್ನೂ ಕರೆದುಕೊಂಡು ಎರಡೇ ಪಟ್ಟಣಗಳನ್ನು ನಿಧಾನವಾಗಿ ನೋಡುವದು ಹೆಚ್ಚು ಫಲಕಾರಿ.

ವಿಜಯಪುರದವರಿಗೆ ಅಲ್ಲಿ ತೋರಿಸುವದಕ್ಕೂ ಬಹಳವಿದೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದೊಳಗೆ ಪಿಸುಮಾತಿನ ಮೊಗಸಾಲೆಯೊಂದಿದೆ. ಒಂದು ಕಡೆ ಮೆಲ್ಲನೆ ಆಡಿದ ಮಾತು ಎದುರು ಕಡೆಗೆ ಕೇಳಿಸುತ್ತದೆ. ಆ ದೇವಾಲಯವನ್ನು ಕಟ್ಟಲು ಆರಂಭಿಸಿದ್ದು 1675ರಲ್ಲಿ. ಮಹಮ್ಮದ ಆದಿಲಶಹನು ತೀರಿಕೊಂಡದ್ದು 1656ರಲ್ಲಿ. ಅವನ ಸಮಾಧಿಯಾದ ನಮ್ಮ ಗೋಳಗುಮ್ಮಟವು ಅದಕ್ಕಿಂತ ಹಿರಿಯದು, ಒಳಗಿನ ಅಗಲದಲ್ಲಿಯೂ ದೊಡ್ಡದು. ರೋಮಿನಲ್ಲಿರುವ ಪ್ಯಾಂಥಿಯನ್ ಗುಮ್ಮಟದ ಒಳಗಿನ ವ್ಯಾಸವು ಸುಮಾರು 43 ಮೀಟರು, ನಮ್ಮದು ಸುಮಾರು 38. ಈ ಹೋಲಿಕೆಗಳನ್ನು ಅಜ್ಜನ ಬಾಯಿಂದ ಕೇಳಿದ ಮಗುವು ಮುಂದಿನ ರಜೆಯಲ್ಲಿ ತಾನಾಗಿಯೇ ವಿಜಯಪುರವನ್ನು ನೋಡಬೇಕೆನ್ನುತ್ತದೆ.

ಥೇಮ್ಸ ನದಿಯ ದಕ್ಷಿಣ ದಂಡೆಯ ಮೇಲೆ, ಪಾರ್ಲಿಮೆಂಟಿನಿಂದ ದೂರವಲ್ಲದ ಸ್ಥಳದಲ್ಲಿ, ಬಸವೇಶ್ವರರ ಮೂರ್ತಿಯಿದೆ. ಭಾರತದ ಪ್ರಧಾನಮಂತ್ರಿಗಳು 2015ನೆಯ ನವೆಂಬರ 14ರಂದು ಅದನ್ನು ಅನಾವರಣಗೊಳಿಸಿದರು. ನಮ್ಮ ಜಿಲ್ಲೆಯ ಬಸವನ ಬಾಗೇವಾಡಿಯ ಮಹಾಪುರುಷರನ್ನು ಅಲ್ಲಿ ಕಂಡಾಗ ಮೊಮ್ಮಗಳಿಗೆ ಹೇಳತಕ್ಕ ಕಥೆಯನ್ನು ಹುಡುಕಬೇಕಾಗಿಲ್ಲ.

ಹಾಲಂಡಿಗೆ ಹೋಗುವವರು ಹಾರ್ಲೆಮ್ ಪಟ್ಟಣದಲ್ಲಿ ಒಂದು ಗಳಿಗೆ ನಿಂತು ಕಾರ್ನೆಲಿಸ್ ಹೆಡಾ ಎಂಬ ಚಿತ್ರಕಾರನನ್ನು ನೆನೆಯಬಹುದು. ಆ ಊರಿನ ಅವನು 17ನೆಯ ಶತಮಾನದ ಆರಂಭದಲ್ಲಿ ಗೋವೆಯ ಮಾರ್ಗವಾಗಿ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ಉಳಿದನು. ತಿಕೋಟಾದ ದಾರಿಯಲ್ಲಿ ಸಿಗುವ ತೊರವಿಯ ಹತ್ತಿರ ಆ ಅರಸನು 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷಗಳು ಇಂದಿಗೂ ಇವೆ. ಹೆಡಾ ತನ್ನ ಊರಿಗೆ ಮರಳಲೇ ಇಲ್ಲ. ಅವನಿಗೆ ದಿನಗಳನ್ನೆಣಿಸುವ ಕಾಯಿದೆಯಿರಲಿಲ್ಲ. ಆದರೆ ಮುಪ್ಪಿನಲ್ಲಿ ತನ್ನವರ ಮುಖವನ್ನು ನೋಡುವ ಸೌಕರ್ಯವೂ ಇರಲಿಲ್ಲ. ನಮಗೆ ಎಣಿಕೆಯಿದೆ, ಅದರೊಡನೆ ವಿಮಾನವೂ ಇದೆ. ಇದನ್ನು ನೆನೆದರೆ ನಮ್ಮ ದೂರು ಸ್ವಲ್ಪ ಕಡಿಮೆಯಾದೀತು.

ಕೊನೆಯದಾಗಿ ಒಂದು ಸೂಚನೆ. ಮರಳುವ ತಾರೀಖನ್ನು ಹೋಗುವ ಮೊದಲೇ ಎಲ್ಲರಿಗೂ ತಿಳಿಸಿರಿ, ಮೊಮ್ಮಗಳಿಗೂ ತಿಳಿಸಿರಿ. ತಾರೀಖು ಗೊತ್ತಿದ್ದರೆ ಸೊಸೆಯ ತಾಳ್ಮೆಯು ಉಳಿಯುತ್ತದೆ, ಮಗನು ನಾಳೆ ಮಾತಾಡಿದರಾಯಿತೆಂದು ಮುಂದೂಡುವದಿಲ್ಲ, ತಂದೆಯು ಹೇಳಬೇಕಾದ ಆಸ್ತಿಯ ಮಾತನ್ನೂ ತಾಯಿಯು ಕೇಳಬೇಕಾದ ಆರೋಗ್ಯದ ಮಾತನ್ನೂ ಕೊನೆಯ ದಿನಕ್ಕೆ ಬಿಡುವದಿಲ್ಲ. “ಇನ್ನು ನಮ್ಮ ಕೈಲಾಗದ ಕಾಲಕ್ಕೆ ಏನು ಮಾಡುವದು?” ಎಂಬ ಪ್ರಶ್ನೆಯನ್ನು ಫೋನಿನಲ್ಲಿ ಯಾರೂ ಕೇಳಲಾರರು, ಒಂದೇ ಮನೆಯಲ್ಲಿ ನಾಲ್ಕು ತಿಂಗಳು ಉಂಡು ಮಲಗಿ ಎದ್ದವರು ಒಂದು ಸಂಜೆ ಅದನ್ನು ಕೇಳಬಲ್ಲರು. ಎರಡು ಪ್ರವಾಸಗಳ ನಡುವೆ ಆ ಸಂಜೆಗೆ ಎಡೆ ಮಾಡಿಕೊಡಿರಿ. ಪ್ಯಾರಿಸ್ಸಿನ ಗೋಪುರವು ಇನ್ನೊಂದು ವರುಷವೂ ಅಲ್ಲಿಯೇ ಇರುತ್ತದೆ. ಮೊಮ್ಮಗಳ ಆರನೆಯ ವರುಷವು ಇನ್ನೊಮ್ಮೆ ಬರುವದಿಲ್ಲ.